ಕೊನೇ ಕೈ ಅಪ್ಪನದು

ಕಾರಿಗೆ ಕಪ್ಪು ಬಣ್ಣ ಹೊಡೀಬಹುದು ಅಂತ ಮೊದಲು ಯೋಚನೆ ಮಾಡಿದ ಪುಣ್ಯಾತ್ಮ ಕೈಗೆ ಸಿಕ್ಕಿದರೆ ನಾಲ್ಕು ಬಾರಿಸಬೇಕು ಅಂತ ನಂಗೆ ದಿನಾ ಅನ್ನಿಸುತ್ತೆ. ಬಿಳೀ ಕಾರನ್ನ ಪಾತ್ರೆ ತಿಕ್ಕೋ ನಾರಲ್ಲಿ ಉಜ್ಜಿದರೂ ಯಾರಿಗೂ ಗೊತ್ತಾಗಲ್ಲ. ಕಪ್ಪಿನ ಮೇಲೆ ಒಂದು ಸಲ ಒಣಬಟ್ಟೆ ಆಡಿಸಿ ಬಿಸಿಲಿಗೆ ನಿಲ್ಲಿಸಿ, ಮುಗೀತು ಕಥೆ. ಜೇಡರ ಬಲೆ ಹಾಗೆ ಮೈಯೆಲ್ಲಾ ಸುರುಳಿ ಸುರುಳಿ ಗೆರೆ. ಆ ಗೆರೆ ತೆಗೆಯೋದೇ ನನ್ನ ಕೆಲಸ, ನಮ್ಮ ಮನೆ ನಡೆಯೋದೂ ಅದರಿಂದಲೇ.

ಅಂಗಡಿ ಅಪ್ಪ ಕಟ್ಟಿದ್ದು. ಎರಡು ಕಾರು ನಿಲ್ಲೋ ಜಾಗ, ಒಂದು ನಲ್ಲಿ, ಗೋಡೆ ತುಂಬಾ ಟ್ಯೂಬ್‌ಲೈಟು. ಇಲ್ಲಿ ಮೊದಲಿಂದ ಒಂದು ಪದ್ಧತಿ. ಪಾಲಿಶ್ ಮೆಷಿನ್ ಯಾರೇ ಹಿಡೀಲಿ, ಕೊನೇ ಕೈ ಅಪ್ಪನದು. ಎಲ್ಲಾ ಮುಗಿದ ಮೇಲೆ ಅಪ್ಪ ಮೆತ್ತನೆ ಬಟ್ಟೆ ತಗೊಂಡು ಬಾನೆಟ್ಟಿಂದ ಡಿಕ್ಕಿವರೆಗೆ ಒರೆಸಿ, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು, "ಹ್ಞೂಂ, ಅವ್ರನ್ನ ಕರಿ" ಅಂದ ಮೇಲೇ ಗಿರಾಕಿಗೆ ಫೋನ್ ಹೋಗೋದು.

ಈಗ ಆ ಕೊನೇ ಕೈಯೇ ನನ್ನ ಕರ್ಮ. ಹೋದ ವರ್ಷದಿಂದ ಅಪ್ಪನ ಕಣ್ಣು ಮಸುಕಾಗ್ತಾ ಇದೆ. ಮೊದಲೆಲ್ಲಾ ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನ ಕಸಕ್ಕೆಸೆದು, ಬೀಳಿಸಿದವರಿಗೆ ಮಂಗಳಾರತಿ ಎತ್ತುತ್ತಿದ್ದ. ಈಗ ಅವನೇ ಬೀಳಿಸ್ತಾನೆ. ಎತ್ತಿ ಕೊಡವಿ, ಮರಳು ಅಂಟಿರೋದು ಕಾಣದೆ, ಅದರಲ್ಲೇ ಆರಾಮಾಗಿ ಒರೆಸ್ತಾನೆ. ನಾನು ಬೆಳಗ್ಗೆಯಿಂದ ಸೊಂಟ ಬಗ್ಗಿಸಿ ತೆಗೆದ ಗೆರೆ ಎಲ್ಲಾ ಘಳಿಗೇಲಿ ವಾಪಸ್. ಆಮೇಲೆ ಅವನನ್ನ ಟೀಗೋ ಊಟಕ್ಕೋ ಸಾಗಹಾಕಿ, ನನ್ನ ಅಂಗಡೀಲಿ ನಾನೇ ಕಳ್ಳಿ ಹಾಗೆ ಮತ್ತೆ ಮೆಷಿನ್ ಹಿಡೀಬೇಕು.

"ಹೇಳ್ಬಿಡ್ತೀನಮ್ಮಾ, ಇನ್ನು ನನ್ ಕೈಲಾಗಲ್ಲ" ಅಂತ ಅಮ್ಮನ ಹತ್ರ ಎಷ್ಟು ಸಲ ಬಾಯಿ ಬಡ್ಕೊಂಡಿದ್ದೀನೋ.

"ಸುಮ್ನಿರೇ. ಆ ಬಟ್ಟೆ ಕಿತ್ಕೊಂಡ್ರೆ ಅವ್ರು ಮನೇಲಿ ಮೂಲೆ ಹಿಡೀತಾರೆ. ಹಾಗೇ ಸೊರಗಿ ಹೋಗ್ತಾರೆ" ಅಂತಾಳೆ ಅಮ್ಮ.

ನಂಗೂ ಅದೇ ಭಯ. ಅಪ್ಪನಿಗೆ ಇಸ್ಪೀಟಿಲ್ಲ, ಟೀವಿ ಹುಚ್ಚಿಲ್ಲ, ಕೂತು ಹರಟೋ ಸ್ನೇಹಿತರಿಲ್ಲ. ಇರೋದು ಇದೊಂದೇ. ಅದಕ್ಕೇ ಹಲ್ಲು ಕಚ್ಕೊಂಡು ಸುಮ್ಮನಿದ್ದೆ.

ನಿನ್ನೆ ಬಂದಿದ್ದು ಲಾಯರ್ ಒಬ್ಬರ ಕಪ್ಪು ಕಾರು. ಆ ಮನುಷ್ಯ ಕಾರನ್ನ ಬಿಸಿಲಿಗೆ ತೆಗೆಸಿ, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿಯೇ ಬೀಗದ ಕೈ ಇಸ್ಕೊಳ್ಳೋದು. ಅದು ಹಾಳಾಗಲಿ ಅಂದರೆ, ಆ ಕಾರಿಗೆ ಇನ್ನು ಪಾಲಿಶ್ ತಡೆಯೋ ಶಕ್ತಿ ಇಲ್ಲ. ಪಾಲಿಶ್ ಅಂದರೆ ಗೆರೆ ತುಂಬೋದಲ್ಲ, ಗೆರೆ ಕಾಣದಷ್ಟು ಮೇಲಿನ ಪದರ ಸವೆಸೋದು. ಸವೆಸಿ ಸವೆಸಿ ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ಉಳಿದಿದೆ. ಒಂಚೂರು ಜಾಸ್ತಿ ಉಜ್ಜಿದರೆ ಬಣ್ಣವೇ ಎದ್ದು ಬರುತ್ತೆ.

ಅಂಚಿಗೆಲ್ಲಾ ಟೇಪ್ ಅಂಟಿಸಿ, ಉಸಿರು ಬಿಗಿ ಹಿಡಿದು ಮುಗಿಸಿದೆ. ಕಾರಲ್ಲಿ ಮುಖ ನೋಡ್ಕೊಂಡು ತಲೆ ಬಾಚಬಹುದಿತ್ತು. "ಅಪ್ಪಾ, ಇದನ್ನ ನಾನೇ ಒರೆಸಿಯಾಗಿದೆ. ಮುಟ್ಟಬೇಡ" ಅಂತ ಹೇಳಿ ಮೆಷಿನ್ ಪ್ಯಾಡ್ ತೊಳೆಯೋಕೆ ನಲ್ಲಿ ಹತ್ರ ಹೋದೆ. ಗೋಡೆಗೆ ಹೇಳಿದ್ದರೆ ಅದಾದರೂ ಕೇಳ್ತಿತ್ತು. ವಾಪಸ್ ಬಂದು ನೋಡ್ತೀನಿ, ಬಾನೆಟ್ ಮುಗಿಸಿ ಬಾಗಿಲಿಗೆ ಬಂದಿದ್ದಾನೆ ಮಹಾರಾಯ.

"ಅಪ್ಪಾ!"

"ಯಾಕೆ ಹಂಗೆ ಕಿರುಚ್ತೀಯಾ? ಕಿವಿ ಕೇಳ್ಸುತ್ತೆ ನಂಗೆ."

"ಮುಟ್ಟಬೇಡ ಅಂದಿರ್ಲಿಲ್ವಾ?"

"ಒರೆಸ್ದೆ ಕಳ್ಸಿದ್ರೆ ಅದೊಂದು ಕೆಲ್ಸಾನಾ?"

ಟಾರ್ಚ್ ಬಿಟ್ಟು ನೋಡಿದೆ. ಬಾನೆಟ್ಟಿನ ತುಂಬಾ ಗೆರೆ. ಮೈಯೆಲ್ಲಾ ಉರಿದುಹೋಯ್ತು. ನಾಲಿಗೆ ತುದಿಗೆ ಬಂದಿದ್ದನ್ನ ನುಂಗಿ, "ಹೋಗಿ ಟೀ ಕುಡ್ಕೊಂಡು ಬಾ. ನಿಧಾನಕ್ಕೆ ಬಾ" ಅಂದೆ. ಅವನು ರಸ್ತೆ ದಾಟಿದ್ದೇ ತಡ, ಅತೀ ಮೆತ್ತನೆ ಪ್ಯಾಡ್ ಹಾಕಿ, ಮಗು ಬೆನ್ನು ಸವರೋ ಹಾಗೆ ಮತ್ತೆ ಶುರು ಮಾಡಿದೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಅಂಚಿನ ಹತ್ರ ಒಂದು ಗೆರೆ ಉಳೀತು. ಅದನ್ನ ಮುಟ್ಟೋ ಧೈರ್ಯ ನಂಗಿರಲಿಲ್ಲ. ಸತ್ತು ಹೋಗಲಿ ಅಂತ ಮೆಷಿನ್ ಆರಿಸಿದೆ.

ಸಂಜೆ ಲಾಯರ್ ಬಂದರು. ಬಿಸಿಲಿಗೆ ತೆಗೆಸಿದರು. ಸುತ್ತಿ ಸುತ್ತಿ ನೋಡಿದರು. ಆ ಒಂದು ಗೆರೆ ಅವರ ಕಣ್ಣಿಗೂ ಬೀಳಲಿಲ್ಲ.

"ಯಜಮಾನ್ರೇ, ಏನ್ ಕೈ ನಿಮ್ದು! ಈ ವಯಸ್ಸಲ್ಲಿ ಈ ಕಣ್ಣು!"

ಅಪ್ಪನ ಮುಖ ಮೊರದಗಲ ಆಯ್ತು. "ಅದನ್ನ ಆ ಕಣ್ಣಾಸ್ಪತ್ರೆ ಡಾಕ್ಟರಿಗೆ ಹೇಳಿ ಸ್ವಾಮಿ" ಅಂದ.

"ಯಾವ ಡಾಕ್ಟರು?" ಅಂದೆ ನಾನು.

"ಹೋದ ವರ್ಷ ಒಬ್ಬನೇ ಹೋಗಿ ತೋರಿಸ್ಕೊಂಡು ಬಂದೆ ಕಣೇ. ನಿಮಗೆ ಯಾಕೆ ಗಾಬರಿ ಅಂತ ಹೇಳ್ಲಿಲ್ಲ. ಇದು ಪೊರೆ ಅಲ್ಲ, ಕಣ್ಣೊಳಗಿನ ಒತ್ತಡ, ಬೇಗ ಆಪರೇಷನ್ ಮಾಡಿಸ್ಕೊಳ್ಳಿ, ಹೋದ ದೃಷ್ಟಿ ಮತ್ತೆ ಬರಲ್ಲ, ಇರೋದನ್ನ ಉಳಿಸ್ಕೊಬಹುದು ಅಂದ. ನಿಜ ಹೇಳ್ತೀನಿ, ಹೆದರಿದ್ದೆ. ಆಮೇಲೆ ಯೋಚನೆ ಮಾಡಿದೆ. ನೋಡೋಣ, ಒಂದು ಕಪ್ಪು ಕಾರು ದೂರು ಹೊತ್ಕೊಂಡು ವಾಪಸ್ ಬಂದ್ರೂ ಸಾಕು, ಅವತ್ತೇ ಹೋಗಿ ಆಪರೇಷನ್‌ಗೆ ಮಲಗ್ತೀನಿ ಅಂತ. ಒಂದಾದ್ರೂ ಬಂತಾ? ಕಣ್ಣು ಹೋದವನು ಹಿಂಗೆ ಒರೆಸ್ತಾನಾ?"

ಲಾಯರ್ ನಕ್ಕರು. ನಾನು ಲೆಕ್ಕ ಹಾಕಿದೆ. ಒಂದು ವರ್ಷ. ಈ ಮನುಷ್ಯ ನನ್ನ ಕಳ್ಳ ಪಾಲಿಶ್ ನಂಬ್ಕೊಂಡು ಒಂದು ವರ್ಷ ಕಳೆದಿದ್ದಾನೆ.

"ಅಪ್ಪಾ, ಅದು ನೀನು ಒರೆಸಿದ್ದಲ್ಲ."

"ಏನು?"

"ನೀನು ಒರೆಸಿದ ಮೇಲೆ ಪೂರ್ತಿ ಗೆರೆ ಆಗಿತ್ತು. ನಿನ್ನನ್ನ ಟೀಗೆ ಕಳ್ಸಿ ನಾನು ಮತ್ತೆ ಮಾಡ್ದೆ. ಇದೊಂದೇ ಅಲ್ಲ. ಎಲ್ಲಾ ಕಾರೂ. ನಿಂಗೆ ಕಾಣ್ತಿಲ್ಲ ಅಪ್ಪಾ, ಏನೂ ಕಾಣ್ತಿಲ್ಲ!"

ಕೊನೇ ಮಾತು ರಸ್ತೆಗೇ ಕೇಳಿಸೋ ಹಾಗೆ ಬಂತು. ಲಾಯರ್ ಬೀಗದ ಕೈ ತಗೊಂಡು ಹೊರಟುಬಿಟ್ಟರು. ಅಪ್ಪ ಗೋಡೆ ತಡವಿಕೊಂಡು ಬಂದು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತ.

"ಎಲ್ಲಾದೂನಾ?"

"ಎಲ್ಲಾದೂ."

ಈಗ ಬೈತಾನೆ, ಬಟ್ಟೆ ಮುಖಕ್ಕೆ ಎಸೀತಾನೆ ಅಂತ ಕಾದೆ. ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ನಾನಿದ್ದ ಕಡೆ ಮುಖ ಮಾಡಿದ. ಸರಿಯಾಗಿ ನನ್ನ ಕಡೆಗಲ್ಲ, ಸ್ವಲ್ಪ ಆಚೆಗೆ.

"ಚಪ್ಪಲಿ ಅಡ್ಡ ಬಿಟ್ರೆ ಬೈತೀಯ. ಟೀ ಆರಿಸ್ಕೊಂಡು ಕುಡಿದ್ರೂ ಬೈತೀಯ. ನಿನ್ನ ಕೈಲಿ ಬೈಸ್ಕೊಳ್ಳದ ದಿನ ಒಂದಿಲ್ಲ ನಂಗೆ" ಅಂದ. "ಇದೊಂದಕ್ಕೆ ಬೈಬಾರದಿತ್ತೇನೇ?"