ಬಣ್ಣವಿಲ್ಲದ ಕೈ

ಅಪ್ಪ ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರಕ್ಕೆಂದು ಪುರಸಭೆಗೆ ಹೋದಾಗ ಗುಮಾಸ್ತ ಮಾಮೂಲಿನಂತೆ ಕೇಳಿದ, "ಮೃತರ ತಂದೆ ಇದಾರಾ, ಇಲ್ವಾ?"

ಮಗಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಸೋದರತ್ತೆ ಉತ್ತರ ಕೊಟ್ಟಾಗಿತ್ತು. "ಓಡಿಹೋದೋನು ಅಂತ ಬರ್ಕೊಳ್ಳಿ."

"ಹಾಗೆಲ್ಲ ಬರೆಯೋಕೆ ಇಲ್ಲಿ ಜಾಗ ಇಲ್ಲಮ್ಮ."

"ಇಲ್ದಿದ್ರೆ ಮಾಡ್ಕೊಳ್ಳಿ."

ಗುಮಾಸ್ತ ಪೆನ್ನು ಕೆಳಗಿಟ್ಟು ಟೀ ಕುಡಿಯಲು ಎದ್ದುಹೋದ. ಅತ್ತೆಯ ಜೊತೆ ವಾದಕ್ಕೆ ನಿಂತವರೆಲ್ಲ ಕೊನೆಗೆ ಮಾಡುವುದು ಅದನ್ನೇ.

ನೂಲಿಗೆ ಬಣ್ಣ ಹಾಕುವ ಮನೆತನ ಅವರದು. ಅಜ್ಜ ಮನೆ ಬಿಟ್ಟಾಗ ಅತ್ತೆಗೆ ಎಂಟು ವರ್ಷ, ಅಪ್ಪ ಕೈಗೂಸು. ಕೂಸನ್ನೆತ್ತಿಕೊಂಡು ತವರಿಗೆ ಹೋಗಿದ್ದ ಅಜ್ಜಿ ವಾಪಸು ಬರುವಷ್ಟರಲ್ಲಿ ಗಂಡ ನಾಪತ್ತೆ. ಅಜ್ಜಿ ಸಾಯುವ ತನಕ ನೀಲಿ ತೊಟ್ಟಿ ಕಲಕುತ್ತಾ ಅವನಿಗೆ ಹಿಡಿಶಾಪ ಹಾಕಿದಳು. ಇದ್ದೊಂದು ಫೋಟೋದಲ್ಲಿ ಅವನ ಮುಖವನ್ನು ಅತ್ತೆ ತಾನೇ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದಳು. ಮದುವೆಯ ಮಾತೆತ್ತಿದವರಿಗೆಲ್ಲ, "ಗಂಡಸರ ಚಪ್ಪಲಿ ಯಾವಾಗ್ಲೂ ಬೀದಿ ಕಡೆಗೇ ಮುಖ ಮಾಡಿರುತ್ತೆ" ಎಂದು ಹೇಳಿ ಬಾಗಿಲು ತೋರಿಸಿದಳು. ಆದರೆ ಒಮ್ಮೊಮ್ಮೆ ಕೆಲಸದ ನಡುವೆ ಸುಮ್ಮನೆ ನಿಂತುಬಿಡುವಳು. "ಯಾಕೆ ಹೋದ ಅಂತ ಗೊತ್ತಾದ್ರೆ ಸಾಕಿತ್ತು. ನಾವೇನು ಮಾಡಿದ್ವಿ?"

ಈಗ ಅವಳಿಗೆ ಎಪ್ಪತ್ತು ದಾಟಿದೆ, ಆಗಾಗ ಎದೆ ಹಿಡಿದುಕೊಳ್ಳುತ್ತದೆ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವಳು ಹೋಗಕೂಡದು ಎಂದು ಹುಡುಗಿ ಪಟ್ಟು ಹಿಡಿದಳು. ಹುಡುಗಿ ಎಂದರೆ ಈ ಮಗಳೇ, ನಲವತ್ತರ ಹೆಂಗಸು, ಈಗ ಬಣ್ಣದ ಮನೆ ನಡೆಸುವವಳು. ಹಿಡಿದದ್ದು ಬಿಡುವುದಿಲ್ಲ ಎಂದು ಚಿಕ್ಕಂದಿನಲ್ಲೇ ಅತ್ತೆ ಅವಳಿಗೆ ಇಟ್ಟ ಹೆಸರು ಜಿಗಣೆ.

ಜಿಗಣೆ ಮೊದಲು ಹಿಡಿದದ್ದು ನೆಂಟರನ್ನು. ಒಬ್ಬರು ಅಜ್ಜ ಹಡಗು ಹತ್ತಿದ ಅಂದರು, ಇನ್ನೊಬ್ಬರು ಸರ್ಕಸ್ ಸೇರಿದ ಅಂದರು. ಮೂರನೆಯವರು ಎರಡನೇ ಸಂಸಾರದ ಮಕ್ಕಳ ಲೆಕ್ಕವನ್ನೂ ಕೊಟ್ಟರು. ಸತ್ತವರ ವಿಷಯದಲ್ಲಾದರೂ ಜನರ ನಾಲಿಗೆ ಸ್ವಲ್ಪ ತಡೆಯುತ್ತದೆ, ಓಡಿಹೋದವರ ವಿಷಯದಲ್ಲಿ ಅದಕ್ಕೆ ಲಂಗುಲಗಾಮಿಲ್ಲ.

ಕೊನೆಗೆ ಉಳಿದವನು ಚಿಕ್ಕಜ್ಜ, ಅಜ್ಜನ ತಮ್ಮ. ಕಿವಿ ಮಂದ, ಸಿಟ್ಟು ಮಾತ್ರ ಚುರುಕು.

"ಹುಡುಕದೆ ಬಿಟ್ವಿ ಅನ್ಕೊಂಡ್ಯಾ? ಆಸ್ಪತ್ರೆಗೂ ಹೋಗಿದ್ವಿ! ಯಾರೋ ಲಾರಿಗೆ ಸಿಕ್ಕಿ ಸತ್ತಿದಾನೆ ಅಂದ್ರು. ಮುಖ ನೋಡೋ ಹಾಗಿರ್ಲಿಲ್ಲ. ಅತ್ತಿಗೆ ಹೊದಿಕೆ ಸರಿಸಿ ಕೈ ನೋಡಿದ್ರು. ಬೆಳ್ಳಗಿತ್ತು. ನಮ್ಮೋರಲ್ಲ ಅಂದ್ರು. ಬಂದ್ವಿ."

"ಬರೀ ಕೈ ನೋಡಿ ಹೇಳಿಬಿಟ್ರಾ?"

ಚಿಕ್ಕಜ್ಜ ತನ್ನ ಎರಡೂ ಕೈಗಳನ್ನು ಅವಳ ಮೂಗಿನ ಮುಂದೆ ಹಿಡಿದ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಉಗುರಿನ ಬುಡದಲ್ಲಿ ನೀಲಿ ಹಾಗೇ ಇತ್ತು. "ನಮ್ಮೋನ ಕೈ ಬೆಳ್ಳಗಿರುತ್ತೇನೇ?"

ಜಿಗಣೆ ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೂ ನೀಲಿ. ಅಜ್ಜಿಯ ಜಾಗದಲ್ಲಿ ತಾನಿದ್ದರೂ ಹಾಗೇ ಹೇಳಿ ಬರುತ್ತಿದ್ದೆ ಎನಿಸಿತು. ಆದರೂ ಮನಸ್ಸು ಒಪ್ಪಲಿಲ್ಲ. ಅಲ್ಲ ಎಂದಾದರೆ ಅಲ್ಲ ಅನ್ನುವುದಾದರೂ ಖಾತ್ರಿಯಾಗಲಿ.

ಸ್ಮಶಾನದ ಕಚೇರಿಯಲ್ಲಿ, ಹಳೆಯ ಪುಸ್ತಕಗಳೆಲ್ಲ ಗೆದ್ದಲು ಹಿಡಿದಿವೆ ಅಂದರು. ಹಿಡಿದಷ್ಟು ಬಿಟ್ಟು ಉಳಿದದ್ದು ತೋರಿಸಿ ಅಂದಳು. ಬೀಗದ ಕೈ ಇಲ್ಲ ಅಂದರು. ಬರುವವರೆಗೂ ಕೂತಿರುತ್ತೇನೆ ಅಂದಳು, ಕೂತಳು ಕೂಡ. ಮತ್ತೆ ಮತ್ತೆ ಬಂದು ಅದೇ ಬೆಂಚಿನಲ್ಲಿ ಕೂತಾಗ ಅಲ್ಲಿಯ ಮೇಲ್ವಿಚಾರಕನಿಗೆ ಸಾಕುಸಾಕಾಗಿ, ಬೀಗದ ಕೈ ತಾನಾಗಿಯೇ ಸಿಕ್ಕಿತು.

ಆ ವರ್ಷದ, ಆ ವಾರದ ಪುಟದಲ್ಲಿ ವಾರಸುದಾರರಿಲ್ಲದ ಶವ ಒಂದೇ. ಗಂಡಸು, ಲಾರಿ ಅಪಘಾತ, ಹಿಂದಿನ ಗೋಡೆ ಬದಿಯ ಸಾಲು. ಗುರುತು: ಎಡಗಾಲಿನ ಎರಡನೆಯ, ಮೂರನೆಯ ಬೆರಳು ಕೂಡಿಕೊಂಡಿವೆ.

ಅವಳು ಚಪ್ಪಲಿ ಬಿಟ್ಟು ತನ್ನ ಎಡಗಾಲನ್ನು ನೋಡುತ್ತಾ ಕೂತುಬಿಟ್ಟಳು. ನೋಡುವ ಅಗತ್ಯವೇನೂ ಇರಲಿಲ್ಲ. ಹಾಗೆ ಕೂಡಿಕೊಂಡ ಬೆರಳು ಅಪ್ಪನಿಗೂ ಇತ್ತು, ಅತ್ತೆಗೂ ಇದೆ. ಅಜ್ಜಿ ಹೊದಿಕೆಯನ್ನು ಆ ತುದಿಯಿಂದ ಸರಿಸಿದ್ದರೆ! ಅವಳಿಗೆ ಅಳು ಬಂತು, ಅಜ್ಜಿಯ ಮೇಲೆ ಸಿಟ್ಟೂ ಬಂತು.

ಮನೆಗೆ ಬಂದಾಗ ಅತ್ತೆ ಬೇಡ ಬೇಡವೆಂದರೂ ಕೇಳದೆ ತೊಟ್ಟಿ ಕಲಕುತ್ತಿದ್ದಳು. ಜಿಗಣೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಚಿಕ್ಕಜ್ಜ ಆಸ್ಪತ್ರೆಯ ಬಗ್ಗೆ ಹೇಳಿದ್ದನ್ನೂ ಕಾಲಿನ ಗುರುತನ್ನೂ ಹೇಳಿದಳು. "ಎಲ್ಲಾ ತಾಳೆ ಆಗುತ್ತೆ ಅತ್ತೆ. ಕೈ ಬೆಳ್ಳಗಿತ್ತು ಅನ್ನೋದು ಮಾತ್ರ ಆಗ್ತಿಲ್ಲ."

ಅತ್ತೆ ಕೈಯಲ್ಲಿದ್ದ ಕೋಲನ್ನು ತೊಟ್ಟಿಗೆ ಒರಗಿಸಿಟ್ಟಳು.

"ಆಸ್ಪತ್ರೆಗೆ ಹೋಗಿದ್ರು ಅಂತ ನನಗೆ ಯಾರೂ ಹೇಳಲೇ ಇಲ್ಲ," ಅಂದಳು.

"ನೀವು ಚಿಕ್ಕೋರು, ಹೆದರ್ತೀರ ಅಂತ ಇರಬೇಕು."

"ನೀರು ಹಾಕಿದ್ದು ನಾನು ಕಣೇ."

"ಯಾವ ನೀರು?"

"ಅಮ್ಮ ತವರಿಗೆ ಹೋಗಿದ್ದಾಗ ಅಪ್ಪ ಹಿತ್ತಲಲ್ಲಿ ಕೂತು ಬ್ಲೀಚಿಂಗ್ ಪೌಡರ್ ಹಾಕಿ ಕೈ ಉಜ್ಜಿಕೊಳ್ತಿದ್ದ. ಚರ್ಮ ಕಿತ್ತು ಬಂದ್ರೂ ಬಿಡ್ಲಿಲ್ಲ. ನಾನು ಚೊಂಬಲ್ಲಿ ನೀರು ಹಾಕ್ತಿದ್ದೆ. ಈ ಬಣ್ಣದ ಘಾಟಿಗೆ ಕೆಮ್ಮು ನಿಲ್ತಿಲ್ಲ ಮಗಾ, ಬೇಕರಿಯಲ್ಲಿ ಕೆಲಸ ಕೇಳ್ತೀನಿ, ನೀಲಿ ಕೈಯಲ್ಲಿ ಹಿಟ್ಟು ನಾದಿದ್ರೆ ಯಾರು ತಿಂತಾರೆ ಅಂದ. ಅಮ್ಮನಿಗೆ ಹೇಳ್ಬೇಡ, ಕೆಲಸ ಸಿಕ್ಮೇಲೆ ನಾನೇ ಹೇಳ್ತೀನಿ ಅಂದ. ಪಕ್ಕದ ಮನೇಲಿ ನನ್ನ ಬಿಟ್ಟು ಹೋದ."

"ಇಷ್ಟು ವರ್ಷ ಯಾಕತ್ತೆ ಹೇಳ್ಲಿಲ್ಲ?"

"ಬರಲೇ ಇಲ್ವಲ್ಲ! ಬೇಕರಿ ಸುಳ್ಳು, ನಮ್ಮ ಗುರುತು ಒಂಚೂರೂ ಮೈಮೇಲೆ ಉಳೀಬಾರ್ದು ಅಂತ ಉಜ್ಜಿಕೊಂಡು ಹೋದ ಅಂದ್ಕೊಂಡೆ. ಹಾಗೆ ಹೋಗೋನಿಗೆ ನಾನೇ ನೀರು ಹಾಕಿಕೊಟ್ಟೆ ಅಂತ ಅಮ್ಮನ ಹತ್ರ ಹೇಗೇ ಹೇಳ್ಲಿ?"

ಜಿಗಣೆ ಅವಳ ಎರಡೂ ಕೈ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಇಬ್ಬರೂ ಸ್ಮಶಾನಕ್ಕೆ ಹೋದರು. ಹಿಂದಿನ ಗೋಡೆಯ ಬದಿಯಲ್ಲಿ ಕಲ್ಲಿಲ್ಲ, ಹೆಸರಿಲ್ಲ. ತುಕ್ಕು ಹಿಡಿದ ಕಬ್ಬಿಣದ ಗೂಟಗಳ ಮೇಲೆ ಬರೀ ನಂಬರು. ಕಾವಲುಗಾರ ಪುಸ್ತಕದಲ್ಲಿದ್ದ ನಂಬರು ಹುಡುಕಿ, ಹುಲ್ಲು ಸರಿಸಿ ಒಂದು ಗೂಟ ತೋರಿಸಿದ. ಅತ್ತೆ ತಲೆ ಯಾವ ಕಡೆ ಎಂದು ಕೇಳಿದಳು, ಅವನು ತೋರಿಸಿದ ಕಡೆಗೆ ಬಗ್ಗಿ ಮಣ್ಣು ಮುಟ್ಟಿದಳು. ಜಿಗಣೆ ಅವಳು ಕುಸಿಯಬಹುದು ಎಂದು ಹಿಂದೆಯೇ ನಿಂತಿದ್ದಳು. ಅತ್ತೆ ಕುಸಿಯಲಿಲ್ಲ. ಎದ್ದು ಸರಸರ ನಡೆಯತೊಡಗಿದಳು.

"ಎಲ್ಲಿಗತ್ತೆ? ಈಗ ತಾನೇ ಬಂದ್ವಿ."

"ಇವನಿಗೆ ಎಲ್ಲಾ ಗೊತ್ತು ಕಣೇ. ಗೊತ್ತಿಲ್ಲದೆ ಸತ್ತೋಳು ಆ ಕಡೆ ಇದಾಳೆ."

ಅಜ್ಜಿಯ ಸಮಾಧಿ ಇದ್ದದ್ದು ಅದೇ ಸ್ಮಶಾನದಲ್ಲಿ, ಮನೆತನದವರ ಸಾಲಿನಲ್ಲಿ. ಅತ್ತೆ ಅದರ ಕಲ್ಲು ಹಿಡಿದುಕೊಂಡು ಕಷ್ಟಪಟ್ಟು ನೆಲದ ಮೇಲೆ ಕೂತಳು. ಏದುಸಿರು ಬಿಡುತ್ತಿದ್ದಳು. ಜಿಗಣೆ ಸ್ವಲ್ಪ ಸುಧಾರಿಸಿಕೊಳ್ಳಿ ಎಂದರೆ ಕೈಯಾಡಿಸಿ ಸುಮ್ಮನಿರಿಸಿದಳು. ಆಮೇಲೆ ಕಲ್ಲಿಗೆ ಬಾಯಿ ಹತ್ತಿರ ತಂದು ಹೇಳಿದಳು:

"ಅಮ್ಮಾ, ಅಪ್ಪ ಓಡಿಹೋಗಿರ್ಲಿಲ್ಲಮ್ಮ. ನನ್ನ ಹತ್ರ ಹೇಳಿಯೇ ಹೋಗಿದ್ದ."