ಝಟ್‌ಪಟ್ ಸಿಮೆಂಟಿನಲ್ಲಿ ನಿಂತ ಅಪ್ಪ

ನಮ್ಮ ಮನೆಯ ಗಂಡಸರ ಕೈಗೆ ಮೈಕು ಕೊಡಬಾರದು. ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಇರಲಿ. ಅಪ್ಪ ನೇಮಣ್ಣ ಬೆಳಗಾವಿಯಲ್ಲಿ ಕಟ್ಟಿದ ಸಿಮೆಂಟ್ ಕಂಪನಿಗೆ ಅಣ್ಣ ಭರಮಣ್ಣ, ತಮ್ಮ ಶುಭಂ ಡೈರೆಕ್ಟರುಗಳು. ಹದಿನಾರು ವರ್ಷದಿಂದ ಖಾನಾಪುರದ ಕಾರ್ಖಾನೆ ನಡೆಸುತ್ತಿರುವ ನಾನು, ಸುಹಾಸಿನಿ, ಬರೀ ಮದುವೆ ಮಾಡಿ ಕೊಟ್ಟ ಮಗಳು. ಖಾನಾಪುರದ ಹೊಸ ಗೋದಾಮು ತೆರೆಯುವ ದಿನ ಅಪ್ಪ ತಮ್ಮ ಚೇರ್ಮನ್ ಖುರ್ಚಿ ಯಾರಿಗೆಂದು ಹೇಳುವವರಿದ್ದರು. ನನಗೆ ಅದು ಬೇಕಿತ್ತು. ಯಾಕೆ ಸುಳ್ಳು ಹೇಳಲಿ, ಬಹಳ ಬೇಕಿತ್ತು.

ಹೊಸ ಗೋದಾಮು ಕಟ್ಟಿದಾಗೆಲ್ಲ ಬಾಗಿಲ ಮುಂದಿನ ಹಸಿ ಕಾಂಕ್ರೀಟಿನಲ್ಲಿ ಅಪ್ಪ ನಿಂತು ಹೆಜ್ಜೆ ಮೂಡಿಸಬೇಕು. ಮಕ್ಕಳ ಭಾಷಣ ಮುಗಿಯುವವರೆಗೆ ಅಲ್ಲಾಡಬಾರದು. ಇದು ನಮ್ಮ ಮನೆತನದ ಪದ್ಧತಿ. ಹಿಂದಿನ ಸಲ ಸಾಂಬ್ರಾದ ಗೋದಾಮಿನಲ್ಲಿ ಬರಿಗಾಲಲ್ಲಿ ನಿಂತು ಹಸಿ ಸಿಮೆಂಟಿನ ಖಾರಕ್ಕೆ ಪಾದ ಸುಟ್ಟುಕೊಂಡಿದ್ದರಿಂದ ಈ ಸಲ ಖಾನಾಪುರದಲ್ಲಿ ರಬ್ಬರ್ ಬೂಟು ಹಾಕಿಸಿದೆವು. ಆದರೆ ಕಾಂಕ್ರೀಟಿಗೆ ಹಾಕಿದ್ದು ನಮ್ಮ ಹೊಸ ಮಾಲು 'ಝಟ್‌ಪಟ್', ಬೇಗ ಗಟ್ಟಿಯಾಗುವಂಥದ್ದು. ಮೇಸ್ತ್ರಿ ಅದನ್ನು ತೆಳ್ಳಗೆ ಬೇರೆ ಕಲೆಸಿದ್ದ. ಅಪ್ಪ ಕಾಲಿನ ಗಿಣ್ಣು ಮುಳುಗುವವರೆಗೆ ಇಳಿದರು.

ಖುರ್ಚಿಯ ಆಸೆಗೆ ಅಣ್ಣ ಮೂವತ್ತೈದು ನಿಮಿಷ ಮಾತಾಡಿದ. ನಮ್ಮ ಸಿಮೆಂಟು ಎಷ್ಟು ಬೇಗ ಬಿಗಿಯುತ್ತದೆ ಎಂಬುದೇ ವಿಷಯ. ಅವನಿಗಿಂತ ಕಡಿಮೆಯಾಗಬಾರದೆಂದು ಶುಭಂ ನಲವತ್ತು ನಿಮಿಷ ಎಳೆದ. ನನ್ನನ್ನು ಯಾರೂ ಕರೆಯಲಿಲ್ಲ. ಆಮೇಲೆ ಅಪ್ಪ ಕಾಲೆತ್ತಲು ನೋಡಿದರು. ಬೂಟು ಬರಲಿಲ್ಲ. ನಂದಗಡ, ಬೀಡಿ ಊರುಗಳ ಕಡೆಯಿಂದ ಬಂದಿದ್ದ ಅರವತ್ತು ಡೀಲರುಗಳು ಎದುರಿಗೇ ಕುಳಿತಿದ್ದರು.

"ಸುತ್ತಗಿ ತರ್ರಿ, ಒಡೀರಿ," ಎಂದ ಶುಭಂ.

"ಹುಚ್ಚ ಅದಿಯೇನ್ಲೇ," ಅಣ್ಣ ಪಿಸುಗುಟ್ಟಿದ. "ಡೀಲರ್ ಮಂದಿ ಮುಂದ ನಮ್ಮ ಮಾಲು ಒಡದ್ರ ನಾಳಿ ಒಂದ ಚೀಲಾರ ಹೋಗ್ತೈತೇನು?"

"ಒಡೀಲಿಲ್ಲಂದ್ರ?"

"ಚೊಲೋ ಆತು. ಪುಕ್ಕಟೆ ಜಾಹೀರಾತು."

"ಮತ್ತ ಅಪ್ಪ?"

"ಅಪ್ಪಗ ಛತ್ರಿ ಹಿಡೀರಿ, ಚಾ ಕುಡಸ್ರಿ."

ಖರೇನೇ ಛತ್ರಿ ಬಂತು, ಚಹಾ ಬಂತು, ಜೊತೆಗೆ ಬಿಸ್ಕೀಟು. ನನ್ನ ಮೈ ಉರಿದುಹೋಯಿತು. ಹತ್ತಿರ ಹೋಗಿ ಅಪ್ಪನ ಕಿವಿಯಲ್ಲಿ ಹೇಳಿದೆ, "ಅಪ್ಪಾ, ಸಿಕ್ಕೊಂಡಿದ್ದು ಬೂಟು, ನೀವಲ್ಲ. ಬೂಟಿನಾಗಿಂದ ಕಾಲ ತಗೀರಿ."

"ಅದು ನನಗ ಆಗಲೇ ಗೊತ್ತೈತವಾ," ಎಂದರು ಅಪ್ಪ, ಚಹಾದ ಕಪ್ಪಿನ ಹಿಂದೆ ಬಾಯಿ ಮರೆಮಾಡಿಕೊಂಡು. "ಸಾಕ್ಸ್ ಹರದಾವ. ಎರಡೂ ಹೆಬ್ಬಟ್ಟು ಹೊರಗ ಅದಾವ. ಇಷ್ಟು ಮಂದಿ ಮುಂದ ಹ್ಯಾಂಗ ತಗೀಲಿ?"

ನಗು ಉಕ್ಕಿ ಬಂತು. ಆದರೆ ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ನಾಚಿಕೆಗೆ ಬಿಸಿಲಲ್ಲಿ ನಿಂತಿದ್ದನ್ನು ಕಂಡು ಸಂಕಟವಾಯಿತು.

ಶುಭಂ ಕೈಯಿಂದ ಮೈಕು ಕಸಿದುಕೊಂಡೆ. "ಎಲ್ಲಾರೂ ಎದ್ದ ನಿಂತು ಕಣ್ಣ ಮುಚ್ಚರಿ. ಒಂಬತ್ತು ಸಲ ಣಮೋಕಾರ ಮಂತ್ರ ಹೇಳೂಣು."

ಅದು ನಮ್ಮ ಜೈನರ ಮಂತ್ರ, ಆದರೂ ದೇವರ ಕೆಲಸಕ್ಕೆ ಇಲ್ಲವೆನ್ನುವವರು ಯಾರು? ಜೈನರು, ಲಿಂಗಾಯತರು, ಮರಾಠಿ ಮಂದಿ, ನನ್ನ ಅಣ್ಣತಮ್ಮ, ಎಲ್ಲರೂ ಕಣ್ಣು ಮುಚ್ಚಿದರು. ನಾನು ಮಂತ್ರ ಹೇಳುತ್ತಲೇ ಅಪ್ಪನಿಗೆ ಹೆಗಲು ಕೊಟ್ಟೆ. ನಾಲ್ಕನೆಯ ಸಲಕ್ಕೆ ಎಡಗಾಲು ಬಂತು, ಏಳಕ್ಕೆ ಬಲಗಾಲು. ನನ್ನ ಚಪ್ಪಲಿಯನ್ನೇ ಅವರಿಗೆ ಮೆಟ್ಟಿಸಿ, ಖುರ್ಚಿಯಲ್ಲಿ ಕೂರಿಸಿ, ಕಾಲ ಮೇಲೆ ಶಾಲು ಹೊದಿಸಿದೆ.

ಕಣ್ಣು ಬಿಟ್ಟವರಿಗೆ ಕಂಡಿದ್ದು ಖಾಲಿ ಬೂಟು. ಬೀಡಿ ಊರಿನ ಡೀಲರ್ ಚನ್ನಬಸಯ್ಯ ಎದ್ದು ಬಂದು ಎರಡೂ ಕೈಯಿಂದ ಜಗ್ಗಿದರು. ಅದು ಮಿಸುಕಲಿಲ್ಲ.

"ಮಾಲು ಗಟ್ಟಿ ಐತ್ರೀ," ಎಂದು ಅಲ್ಲೇ ಎರಡು ಲಾರಿ ಸಿಮೆಂಟಿಗೆ ಆರ್ಡರ್ ಬರೆಸಿದರು.

ಅಪ್ಪ ಮೈಕು ಕೇಳಿದರು. "ಖುರ್ಚಿ ಸುಹಾಸಿನಿಗಿ," ಎಂದರು. ಅಷ್ಟೇ.

ಅಣ್ಣನ ಮುಖ ಬಿತ್ತು. "ಅಪ್ಪಾ, ಆಕಿ ಲಗ್ನಾಗಿ ಹೋದಾಕಿ."

"ಹೋದಾಕಿನ ಬಂದು ನನ್ನ ಎತ್ತಿದ್ಲು. ಇದ್ದವರು ಚಾ ಕುಡಿಸಿದ್ರಿ."

ಊಟದ ಹೊತ್ತಿಗೆ ಅಣ್ಣ ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತ. ಹೋಳಿಗೆ ಮುರಿದ, ತಿನ್ನಲಿಲ್ಲ. ಇಷ್ಟು ವರ್ಷದಲ್ಲಿ ಕೆಲಸದ ಒಂದು ಮಾತನ್ನೂ ನನ್ನನ್ನು ಕೇಳಿದವನಲ್ಲ.

"ಸುಹಾ, ನಾಳಿ ಆಫೀಸಿಗಿ ಎಷ್ಟಕ್ಕ ಬರ್ಲಿ?" ಎಂದ.

"ಒಂಬತ್ತಕ್ಕ ಬಾ ಅಣ್ಣಾ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.