ಖಾಲಿ ಎಂಬ ಉತ್ತರ

ಕುಲುಮೆಯ ಅಡಿಗಲ್ಲಿನ ಮೇಲೆ ಸುತ್ತಿಗೆಯೊಂದು ಮಗ್ಗುಲಾಗಿ ಮಲಗಿದೆ. ಅದರ ಹಿಡಿ ಬೆವರು ಕುಡಿದು ಕಪ್ಪಾಗಿದೆ. ಬೆರಳುಗಳು ಸವೆಸಿದ ನಡುಭಾಗ ಮಾತ್ರ ತಿಳಿಯಾಗಿ ಹೊಳೆಯುತ್ತದೆ. ಪಕ್ಕದಲ್ಲಿ ಇಕ್ಕಳ, ಏನನ್ನೋ ಹೇಳಹೋಗಿ ತಡೆದವರಂತೆ ಬಾಯಿ ಅರ್ಧ ತೆರೆದುಕೊಂಡಿದೆ. ಉದ್ದ ಹಿಡಿಯ ಸಮ್ಮಟಿ ತನ್ನ ಭಾರದ ತಲೆಯನ್ನು ನೆಲಕ್ಕೂರಿ ನಿಂತಿದೆ. ಕಲ್ಲುತೊಟ್ಟಿಯ ನೀರಿನಲ್ಲಿ ಅಲುಗಾಟವಿಲ್ಲ. ತಗಡಿನ ಮಾಡಿನ ತೂತಿನಿಂದ ಇಳಿದ ಬಿಸಿಲಿನ ಬಿಲ್ಲೆ ಅದರ ಮೇಲೆ ಎಲೆಯಷ್ಟು ಹಗುರಾಗಿ ಕೂತಿದೆ. ಗೋಡೆಯುದ್ದಕ್ಕೂ ಹನ್ನೆರಡು ಹಾರೆಗಳು, ಕಲ್ಲಿಗೆ ಬಡಿದು ಬಡಿದು ಮೊನೆ ಮೊಂಡಾದವು, ಸಾಲಾಗಿ ಒರಗಿವೆ. ಒಲೆಯ ಬೂದಿಯಲ್ಲಿ ಇನ್ನೂ ಕಿಡಿಯಿಲ್ಲ.

ಮೂಲೆಯ ಮಣೆಯ ಮೇಲೆ ಮುದುಕನೊಬ್ಬ ಕುಳಿತಿದ್ದಾನೆ. ಅವನೂ ಅಲುಗುತ್ತಿಲ್ಲವಾದ್ದರಿಂದ ಚಿತ್ರ ಕೆಡುವುದಿಲ್ಲ.

ಬೀದಿಯವರು ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಅವನ ಪೆಟ್ಟು ಅಷ್ಟು ಲೆಕ್ಕಬದ್ಧ. ಆ ಸದ್ದಿಗೆ ಹೊಂದಿಸಿಕೊಂಡು ಎದುರಿನ ಟೈರ್ ಅಂಗಡಿಯವನು ಬೋಲ್ಟು ತಿರುಗಿಸುತ್ತಿದ್ದನಂತೆ. ಕಳೆದ ವರ್ಷದವರೆಗೂ ಇಕ್ಕಳ ಮತ್ತು ಸುತ್ತಿಗೆ ಅವನ ಕೈಯಲ್ಲಿದ್ದವು. ಸಮ್ಮಟಿ ಎತ್ತುವ ಕೆಲಸ ಅಳಿಯನದು. ಬೆಂಕಿ ನೋಡಿ ನೋಡಿ ಕಣ್ಣು ಮಂಜಾಗಿ, ಕಾದ ಕಬ್ಬಿಣ ಕಿತ್ತಳೆಯೋ ಹಳದಿಯೋ ತಿಳಿಯದಾದಾಗ ಇಬ್ಬರೂ ಜಾಗ ಬದಲಿಸಿಕೊಂಡರು. ಭುಜ ಇನ್ನೂ ಗಟ್ಟಿಯಿತ್ತು. ಆದರೆ ಕುಲುಮೆಯಲ್ಲಿ ಯಜಮಾನಿಕೆ ಇರುವುದು ಚಿಕ್ಕ ಸುತ್ತಿಗೆಯಲ್ಲಿ. ಕಬ್ಬಿಣದ ಮೇಲೆ ಅದು ಟಕ್ ಎಂದು ಮುಟ್ಟಿ ತೋರಿಸಿದ ಜಾಗಕ್ಕೆ ಸಮ್ಮಟಿ ಬೀಳಬೇಕು. ಯಾಕೆ, ಏನು ಎಂದು ಕೇಳುವಂತಿಲ್ಲ. ಕೇಳುವಷ್ಟರಲ್ಲಿ ಕಬ್ಬಿಣ ತಣ್ಣಗಾಗಿರುತ್ತದೆ.

ಅಲ್ಲಿ ಇನ್ನೊಂದು ಕಟ್ಟಳೆಯಿತ್ತು. ಹರೆಯದಲ್ಲಿ ಗಡಿಯಾರ ಏನನ್ನೋ ಯೋಚಿಸುತ್ತ ಸಮ್ಮಟಿ ಬೀಸಿ, ತನ್ನ ಅಣ್ಣನ ಹೆಬ್ಬೆರಳನ್ನು ಜಜ್ಜಿಹಾಕಿದ್ದ. ಅಂದಿನಿಂದ ಪ್ರತಿ ಸಲ ಕಾದ ಕಬ್ಬಿಣ ಒಲೆಯಿಂದ ಹೊರಬರುವ ಮುಂಚೆ ಇಕ್ಕಳ ಹಿಡಿದವನು "ಖಾಲಿ?" ಎಂದು ಕೇಳಬೇಕು. ತಲೆಯಲ್ಲಿ ಬೇರೇನೂ ಇಲ್ಲದಿದ್ದರೆ ಸಮ್ಮಟಿಯವನು "ಖಾಲಿ" ಎನ್ನಬೇಕು. ಇದ್ದರೆ "ತುಂಬಿದೆ" ಎಂದು ಸಮ್ಮಟಿ ಕೆಳಗಿಟ್ಟು ಹೊರಗೆ ಹೋಗಬೇಕು. ಅವತ್ತಿಗೆ ಕೆಲಸ ಮುಗಿಯಿತು. ಕಾರಣ ಯಾರೂ ಕೇಳಬಾರದು. ಗಡಿಯಾರ ತನ್ನ ಆಯುಷ್ಯದಲ್ಲಿ ಎರಡೇ ಸಲ ತುಂಬಿದೆ ಎಂದಿದ್ದ: ಮಗಳಿಗೆ ಮೂರು ವರ್ಷವಾಗಿದ್ದಾಗ ಜ್ವರ ನೆತ್ತಿಗೇರಿದ ದಿನ, ಮತ್ತು ಹೆಂಡತಿ ತೀರಿಕೊಂಡು ಹನ್ನೆರಡನೆಯ ದಿನ.

ತಲೆ ಖಾಲಿ ಮಾಡಿಕೊಳ್ಳಲು ಅವನದೇ ಒಂದು ವಿಧಾನವಿತ್ತು. ಮನಸ್ಸನ್ನು ಒಂದು ಕೋಣೆ ಎಂದುಕೊಳ್ಳುತ್ತಿದ್ದ. ಒಳಗಿರುವ ಕುರ್ಚಿ, ಪೆಟ್ಟಿಗೆ, ಹಾಸಿಗೆಯ ಸುರುಳಿ, ಒಂದೊಂದನ್ನೇ ಹೊತ್ತು ಬೀದಿಗೆ ಇಡುತ್ತಿದ್ದ. ಕೊನೆಗೆ ಬರಿಯ ನೆಲ, ನಾಲ್ಕು ಗೋಡೆ ಉಳಿದಾಗ ಸಮ್ಮಟಿಗೆ ಕೈ ಹಾಕುತ್ತಿದ್ದ.

ಇಂದು ಮುಂಜಾನೆ ಆ ಕೋಣೆಗೆ ಮಗಳು ಬಂದಿದ್ದಳು.

ಕುಲುಮೆಯ ಹಿಂಬಾಗಿಲಿನಿಂದ ಬಂದವಳು ತಲೆಯ ಮೇಲಿನ ಬಟ್ಟೆ ಸರಿಸಿದಳು. ಕೆಳತುಟಿ ಸೀಳಿ ಎರಡಾಗಿತ್ತು. ಎಡಗಿವಿಯ ಮೇಲೆ ಹೆಬ್ಬೆರಳಗಲ ಕೂದಲೇ ಇರಲಿಲ್ಲ. ಬೇರುಸಹಿತ ಕಿತ್ತ ಜಾಗದಲ್ಲಿ ಚರ್ಮ ಹಸಿಯಾಗಿ ಜಿನುಗುತ್ತಿತ್ತು. ಹೋದ ವರ್ಷ ಮೆಟ್ಟಿಲಿನಿಂದ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡೆ ಎಂದು ಅಪ್ಪನಿಗೆ ಹೇಳಿದ್ದಳು. ಅದು ಮೆಟ್ಟಿಲಲ್ಲ ಎಂದು ಇವತ್ತು ಹೇಳಿದಳು. ಅವತ್ತು ಬಿಟ್ಟುಹೋಗಲೆಂದು ಬಟ್ಟೆ ಕಟ್ಟುತ್ತಿದ್ದಾಗ ಗಂಡ ಮಧ್ಯಾಹ್ನವೇ ಮನೆಗೆ ಬಂದು ಕಂಡುಬಿಟ್ಟಿದ್ದನಂತೆ. ಮುದುಕ ಎದ್ದು ನಿಂತ. ಅವನ ಕೈ ಸಮ್ಮಟಿಯ ಕಡೆಗೆ ಹೋದದ್ದನ್ನು ಅವಳು ನೋಡಿದಳು.

"ಅದು ಬೇಡ ಅಪ್ಪ," ಅಂದಳು. "ಮನೆ ಖಾಲಿ ಮಾಡಿ ಚಿಕ್ಕಮ್ಮನ ಮನೆಗೆ ಹೋಗ್ತಾ ಇದೀನಿ. ಎರಡೂವರೆಗೆ ಸಾಮಾನಿನ ಗಾಡಿ ಬರುತ್ತೆ. ನಾಲ್ಕು ಗಂಟೆ ಸೈರನ್ ಆಗೋ ತನಕ ಅವರನ್ನ ಇಲ್ಲೇ ಇಟ್ಕೋ. ಇನ್ನೇನೂ ಮಾಡಬೇಡ. ಮುಖದಲ್ಲಿ ತೋರಿಸ್ಕೋಬೇಡ. ಅಷ್ಟು ಸಾಕು ನಂಗೆ."

ಅವನು ಮಾತು ಕೊಟ್ಟ. ಅವಳು ಹೋದ ಮೇಲೆಯೇ ಅವನಿಗೆ ಹೊಳೆದದ್ದು: ಇಂದು ತುಂಬಿದೆ ಎನ್ನುವಂತಿಲ್ಲ. ಎಂದರೆ ಕೆಲಸ ನಿಲ್ಲುತ್ತದೆ, ಅಳಿಯ ಮನೆಗೆ ಹೋಗುತ್ತಾನೆ.

ಅಳಿಯ ಸಿಳ್ಳೆ ಹಾಕುತ್ತ ಬಂದ. ಒಲೆ ಹೊತ್ತಿಸಿ, ಬ್ಲೋವರ್ ತಿರುಗಿಸಿ, ಮೊದಲ ಹಾರೆಯನ್ನು ಬೆಂಕಿಗೆ ತುರುಕಿದ. ಗಟ್ಟಿಮುಟ್ಟು ಆಳು, ನಗುಮುಖ, ಯಾರಿಗೂ ಕೆಟ್ಟವನೆನ್ನಿಸದವನು. ಟೈರ್ ಅಂಗಡಿಯವನ ಮಗು ಅಳುತ್ತಿದ್ದರೆ ಇವನ ಹೆಗಲೇರಿ ಸುಮ್ಮನಾಗುತ್ತಿತ್ತು.

"ಖಾಲಿ?"

ಗಡಿಯಾರ ಕೋಣೆಯಿಂದ ತುಟಿಯನ್ನು ಹೊತ್ತು ಹೊರಗಿಟ್ಟ. ಕಿತ್ತ ಕೂದಲಿನ ಜಾಗವನ್ನು ಹೊರಗಿಟ್ಟ. ತಿರುಗಿ ನೋಡಿದರೆ ಎರಡೂ ಒಳಗೇ ಇದ್ದವು.

"ಖಾಲಿ," ಎಂದ. ಬದುಕಿನಲ್ಲಿ ಮೊದಲ ಬಾರಿ ಆ ಪದ ಸುಳ್ಳಾಯಿತು.

ಟಕ್ ಎಂದಿತು ಸುತ್ತಿಗೆ. ಧಡ್ ಎಂದಿತು ಸಮ್ಮಟಿ. ಮೊದಲ ಪೆಟ್ಟು ಅರ್ಧ ಬೆರಳಷ್ಟು ಆಚೆ ಬಿತ್ತು; ಕಾದ ಕಬ್ಬಿಣದ ಚಕ್ಕೆಯೊಂದು ಸಿಡಿದು ಅಳಿಯನ ಮೊಣಕೈಗೆ ಅಂಟಿಕೊಂಡು ಚುರ್ ಎಂದಿತು. ಅವನು ಅದನ್ನು ಒರೆಸಿ, ಗಡಿಯಾರಕ್ಕೆ ಕೀಲಿ ಕೊಡುವುದನ್ನು ಯಾರೋ ಮರೆತ ಹಾಗಿದೆ ಎಂದು ನಕ್ಕ. ಮುದುಕನೂ ನಕ್ಕ. ಸುಟ್ಟ ಮಾಂಸದ ವಾಸನೆ ಮೂಗಿಗೆ ಬಂದಾಗ ಅವನೊಳಗೆ ಏನೋ ಹಸಿದು ಬಾಯಿ ತೆರೆಯಿತು. ಅದನ್ನೂ ಹೊತ್ತು ಹೊರಗಿಟ್ಟ. ಅದೂ ವಾಪಸು ಬಂತು.

ಹೀಗೆ ಬೆಳಗೆಲ್ಲ ನಡೆಯಿತು. ಒಂದು ಹಾರೆಯನ್ನು ಮೂರು ಸಲ ಕಾಯಿಸಬೇಕು. ಮೂರು ಸಲ ಪ್ರಶ್ನೆ, ಮೂರು ಸಲ ಸುಳ್ಳು. ಪ್ರತಿ ಸಲ ಸಮ್ಮಟಿ ತಲೆಯ ಮೇಲೇರಿದಾಗ ಕೆಳಗೆ ಅಳಿಯನ ಬಾಗಿದ ನೆತ್ತಿ ಕಾಣುತ್ತಿತ್ತು, ಬೈತಲೆ ತೆಗೆದು ಎಣ್ಣೆ ಹಚ್ಚಿದ ನೆತ್ತಿ. ಒಂದು ಗೇಣು ಈಚೆಗೆ ವಾಲಿದರೆ ಸಾಕು. ಕಾಯಿ ಒಡೆದ ಹಾಗೆ ಒಡೆಯುತ್ತದೆ, ಯಾರೂ ಬೇಕೆಂದು ಮಾಡಿದ್ದು ಎನ್ನಲಾರರು. ಆ ಯೋಚನೆ ಬಂದಾಗಲೆಲ್ಲ ಅವನು ಹಾರೆಯ ಮೊನೆಯನ್ನಷ್ಟೇ ನೋಡಿದ. ಬಡಿತ ಜೋರಾಗುತ್ತ ಹೋಯಿತು. ನಾಲ್ಕನೆಯ ಹಾರೆಯ ಮೊನೆ ಎರಡಾಗಿ ಸೀಳಿತು.

ಮಧ್ಯಾಹ್ನ ಅಳಿಯ ಊಟಕ್ಕೆ ಮನೆಗೆ ಹೊರಟ. ಗಡಿಯಾರ ಅವನನ್ನು ತಡೆದು, ಟೈರ್ ಅಂಗಡಿಯ ಪಕ್ಕದ ಹೋಟೆಲಿನಿಂದ ಊಟ ತರಿಸಿದ್ದೇನೆ, ಹಾರೆಗಳನ್ನು ಸಂಜೆಯೊಳಗೆ ಕೊಡಬೇಕು ಎಂದ. ಅಳಿಯ ಚಪ್ಪಲಿಗೆ ತೂರಿಸಿದ್ದ ಕಾಲನ್ನು ಮೆಲ್ಲಗೆ ಹೊರತೆಗೆದ. ಇಷ್ಟು ವರ್ಷಗಳಲ್ಲಿ ಮಾವ ಅವನಿಗೆ ಊಟ ತರಿಸಿದ್ದಿಲ್ಲ. ತಿನ್ನುವಾಗ ಅವನು ಮಾವನ ಮುಖವನ್ನೇ ನೋಡುತ್ತಿದ್ದ. ಉಂಡು, ಕೈ ತೊಳೆದು, ಕಬ್ಬಿಣದ ಬಣ್ಣ ನೋಡುವಷ್ಟೇ ಶ್ರದ್ಧೆಯಿಂದ ಮತ್ತೊಮ್ಮೆ ನೋಡಿದ.

"ಇವತ್ತು ನಿಮ್ಮ ಪೆಟ್ಟಿನಲ್ಲಿ ಮಾತಿದೆ ಮಾವ," ಎಂದ.

ವಯಸ್ಸಾಯಿತು ಎಂದು ಮುದುಕ ತೇಲಿಸಿದ.

ಎರಡು ಗಂಟೆಯ ಹೊತ್ತಿಗೆ ಒಂಬತ್ತನೆಯ ಹಾರೆ ಮುಗಿಯಿತು. ಇನ್ನು ಸುಳ್ಳು ಸಾಲದು, ಅದನ್ನು ನಿಜ ಮಾಡಲೇಬೇಕು ಎಂದು ಗಡಿಯಾರನಿಗೆ ಅರಿವಾಯಿತು. ಅವನು ಇಡೀ ದೇಹವನ್ನು ಆ ಒಂದು ಕೆಲಸಕ್ಕೆ ಹಚ್ಚಿದ. ತುಟಿಯನ್ನು ಹೊರಗಿಟ್ಟು ಅಲ್ಲೇ ಕಾವಲು ನಿಂತ. ಪಕ್ಕೆಲುಬನ್ನು, ಮೆಟ್ಟಿಲನ್ನು, ಮದುವೆಯ ದಿನ ಈತನ ಕೈಗೆ ಮಗಳ ಕೈಯಿಟ್ಟ ತನ್ನದೇ ಕೈಯನ್ನು ಹೊತ್ತು ಹಾಕಿದ. ನಾಲ್ಕು ಗಂಟೆ ಎಂಬುದನ್ನು ಹೊರಗಿಟ್ಟ. ಮಗಳು ಎಂಬ ಪದವನ್ನು ಹೊರಗಿಟ್ಟ. ಹತ್ತನೆಯ ಹಾರೆಯಲ್ಲಿ ಉಸಿರು ಸರಿಯಾಯಿತು. ಹನ್ನೊಂದನೆಯದರಲ್ಲಿ ಬೀದಿಯ ಸದ್ದು ನಿಂತಿತು. ಟಕ್, ಧಡ್. ಟಕ್, ಧಡ್. ಎದುರಿನವನಿಗೆ ಮುಖವಿರಲಿಲ್ಲ, ತನಗೆ ಹೆಸರಿರಲಿಲ್ಲ. ಸುತ್ತಿಗೆ ತೋರಿದ ಜಾಗವಿತ್ತು, ಅಷ್ಟೆ. ಇಷ್ಟು ಶುಭ್ರವಾದ ಖಾಲಿತನವನ್ನು ಅವನು ಎಂದೂ ಕಂಡಿರಲಿಲ್ಲ. ಬರಿಯ ನೆಲ, ನಾಲ್ಕು ಗೋಡೆ, ಬಿಸಿಲು.

ಹನ್ನೊಂದನೆಯ ಹಾರೆಯ ಕೊನೆಯ ಕಾವು ಇಳಿಯುತ್ತಿತ್ತು. ಅಳಿಯ ಅದನ್ನು ತೊಟ್ಟಿಗೆ ಅದ್ದಿ ಗೋಡೆಗೆ ಒರಗಿಸಿದ. ಬುಸ್ಸೆಂದ ಆವಿ ಇಬ್ಬರ ನಡುವೆ ಏರಿ ಚೆದುರಿತು. ಆಗ ಮೂರೂ ಕಾಲು. ಹನ್ನೆರಡನೆಯದು ಒಲೆಯಲ್ಲಿತ್ತು. ಅವನು ಅದನ್ನು ತೆಗೆಯಲಿಲ್ಲ. ಇಕ್ಕಳ ಕೆಳಗಿಟ್ಟು, ನಿಮ್ಮ ಮಗಳು ಬೆಳಿಗ್ಗೆ ಇಲ್ಲಿಗೆ ಬಂದಿದ್ದಳಲ್ಲವೆ ಎಂದ, ಮೆತ್ತಗೆ. ತುಟಿ ತೋರಿಸಿಕೊಂಡು ಅತ್ತಿರಬೇಕು. ಅದಕ್ಕೇ ಊಟ, ಅದಕ್ಕೇ ಈ ಮೌನ. ಮನೆಗೆ ಹೋಗಿ ನೋಡಿ ಬರುತ್ತೇನೆ, ಅಲ್ಲಿ ಏನು ನಡೆಯುತ್ತಿದೆಯೋ.

ಸಮ್ಮಟಿ ಮುದುಕನ ಹೆಗಲ ಮೇಲಿತ್ತು. ಅವನಿಗೆ ಮಾತು ಕೇಳಿಸುತ್ತಿತ್ತು. ಒಳಗೆ ಇಳಿಯುತ್ತಿರಲಿಲ್ಲ, ಇಳಿಯಲು ಅಲ್ಲಿ ಯಾರೂ ಇರಲಿಲ್ಲ.

ಅಳಿಯನನ್ನು ಆ ಮೌನ ರೇಗಿಸಿತು. ಕೂಗಾಟವನ್ನು ಅವನು ಬಲ್ಲ, ಬೈಗುಳವನ್ನು ಬಲ್ಲ. ಅವನು ತನ್ನ ಎಡಗೈಯನ್ನು ಅಡಿಗಲ್ಲಿನ ಮೇಲೆ ಚಾಚಿ ಇಟ್ಟ.

"ನೋಡ್ಕೊಳ್ಳಿ. ಜುಟ್ಟು ಹಿಡಿದಿದ್ದು ಇದೇ ಕೈ, ಇಕ್ಕಳ ಹಿಡಿಯೋ ಕೈ," ಎಂದ. "ಏನ್ ಮಾಡ್ತೀರಾ?"

ಆ ಪ್ರಶ್ನೆಗೆ ಒತ್ತು ಕೊಡಲು ಬಲಗೈಯ ಚಿಕ್ಕ ಸುತ್ತಿಗೆಯಿಂದ ಬೆರಳುಗಳ ಪಕ್ಕದ ಬರಿ ಅಡಿಗಲ್ಲನ್ನು ಮುಟ್ಟಿದ.

ಟಕ್.

ಸಮ್ಮಟಿ ಬಂತು.

ಅದು ಗಂಟೆಯಂತೆ ಮೊಳಗಲಿಲ್ಲ. ಒದ್ದೆ ಚೀಲವನ್ನು ನೆಲಕ್ಕೆ ಬಡಿದಂತಾಯಿತು, ಜೊತೆಗೆ ಒಣಕಡ್ಡಿಗಳು ಒಟ್ಟಿಗೆ ಮುರಿದ ಸದ್ದು. ಹೆಬ್ಬೆರಳು ಬಿಟ್ಟು ಉಳಿದದ್ದೆಲ್ಲ ಚಪ್ಪಟೆಯಾಗಿ, ಉಗುರೊಂದು ಹಾರಿ ತೊಟ್ಟಿಯ ನೀರಿನಲ್ಲಿ ತೇಲಿತು. ಅಳಿಯ ಮೊದಲು ಚೀರಲಿಲ್ಲ. ತನ್ನ ಕೈಯನ್ನು, ಅದು ಬೇರೊಬ್ಬರದು ಎಂಬಂತೆ, ಕುತೂಹಲದಿಂದ ನೋಡಿದ. ಆಮೇಲೆ ಮಂಡಿಯೂರಿ ಕುಸಿದ. ಆಮೇಲೆ ಬಂದ ಚೀರಾಟಕ್ಕೆ ಟೈರ್ ಅಂಗಡಿಯವನು ಪಾನಾ ಎಸೆದು ಓಡಿಬಂದ.

ಮುದುಕ ತನ್ನ ಹೆಗಲ ಟವಲಿನಿಂದ ಅಳಿಯನ ಮಣಿಕಟ್ಟಿನ ಮೇಲೆ ಬಿಗಿಯಾಗಿ ಕಟ್ಟಿದ. ಅಳಿಯ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ: ನಾನು ಖಾಲಿ ಅಂತ ಕೇಳಿರಲೇ ಇಲ್ಲ, ಹೇಗೆ ಹೊಡೆದಿರಿ ಮಾವ? ಅದು ನಿಜ. ಅವನು ಕೇಳಿರಲಿಲ್ಲ. ಟೈರ್ ಅಂಗಡಿಯವನು ಅವನನ್ನು ತನ್ನ ವ್ಯಾನಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟಾಗ, ಕೈ ತಪ್ಪಿ ಆದದ್ದೇ ಎಂದು ಗಾಬರಿಯಲ್ಲಿ ವಿಚಾರಿಸಿದ. ಕೈ ತಪ್ಪಿಲ್ಲ, ಹೊಡೆದವನು ನಾನೇ, ಪೊಲೀಸರಿಗೂ ನಾನೇ ಹೇಳುತ್ತೇನೆ, ಅದಕ್ಕೆ ಮುಂಚೆ ಒಂದು ಕಡೆ ಹೋಗಿಬರಬೇಕು ಎಂದು ಮುದುಕ ಹೇಳಿದ.

ಮಗಳ ಮನೆ ಹತ್ತು ನಿಮಿಷದ ದಾರಿ. ಅವನು ಓಡಿದ. ಓಡುವಾಗಲೇ ಎದೆಯಲ್ಲೊಂದು ಹಗುರ ಮೂಡಿತು: ಇನ್ನು ಅವಳು ಹೋಗಬೇಕಿಲ್ಲ. ಊರು ಬಿಡಬೇಕಿಲ್ಲ, ಇನ್ನೊಬ್ಬರ ಮನೆಯಲ್ಲಿ ಕೈಕಟ್ಟಿ ಇರಬೇಕಿಲ್ಲ. ಸಾಮಾನಿನ ಗಾಡಿ ಆಗಲೇ ಹೋಗಿತ್ತು. ಬಾಗಿಲು ತೆರೆದಿತ್ತು. ಒಳಗೆ ಬರಿಯ ನೆಲ, ನಾಲ್ಕು ಗೋಡೆ. ಮಂಚದ ಕಾಲುಗಳಿದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿ ಚೌಕಗಳು. ಕಿಟಕಿಯ ಬಿಸಿಲು ಅಡ್ಡಿಯಿಲ್ಲದೆ ಎದುರು ಗೋಡೆಯವರೆಗೂ ಚಾಚಿಕೊಂಡಿತ್ತು. ಮಗಳು ಒಂದು ಕೈಚೀಲ ಹಿಡಿದು ನಡುವೆ ನಿಂತಿದ್ದಳು.

ಅವಳು ಮೊದಲು ನೋಡಿದ್ದು ಅವನ ಅಂಗಿಯನ್ನು. ಆಮೇಲೆ ಅವನ ಹಿಂದೆ, ಬಾಗಿಲಿನಾಚೆ ನೋಡಿದಳು.

ಅವನು ಎಲ್ಲವನ್ನೂ ಹೇಳಿದ, ಕ್ರಮವಾಗಿ, ಒಂದನ್ನೂ ಬಿಡದೆ. ಊಟ, ಹನ್ನೊಂದು ಹಾರೆ, ಚಾಚಿದ ಕೈ, ಸುತ್ತಿಗೆಯ ಟಕ್. ಆ ಕೈ ಇನ್ನು ಯಾರ ಜುಟ್ಟನ್ನೂ ಹಿಡಿಯಲಾರದು ಎಂದ. ಸಾಮಾನನ್ನು ವಾಪಸು ತರಿಸೋಣ ಎಂದ. ಅವಳು ಬಾಯಿಗೆ ಕೈಯಿಟ್ಟು ಕೇಳಿಸಿಕೊಂಡಳು. ತುಟಿಯ ಗಾಯ ಮತ್ತೆ ಬಿರಿದು ಬೆರಳ ಸಂದಿಯಲ್ಲಿ ನೆತ್ತರು ಕಂಡಿತು.

"ಕೋಪ ಬಂತಾ?" ಎಂದು ಕೇಳಿದಳು. ಬಂತು ಎನ್ನಲಿ ಎಂದು ಅವಳು ಕಾಯುತ್ತಿದ್ದಳು; ಮಂಜುಗಣ್ಣಿಗೂ ಅದು ಕಂಡಿತು. ಆದರೆ ಅಂದಿನ ಸುಳ್ಳುಗಳೆಲ್ಲ ಮುಗಿದಿದ್ದವು.

"ಇಲ್ಲಮ್ಮ. ಏನೂ ಇರಲಿಲ್ಲ. ತಲೆ ಪೂರ್ತಿ ಖಾಲಿಯಿತ್ತು."

ಬರಿ ಕೋಣೆಯಲ್ಲಿ ಇಬ್ಬರ ಉಸಿರೂ ದೊಡ್ಡದಾಗಿ ಕೇಳಿಸುತ್ತಿತ್ತು.

"ಅವರೂ ಪ್ರತಿ ಸಲ ಆಮೇಲೆ ಬಂದು ಕಾಲ ಹತ್ರ ಕೂತ್ಕೊಂಡು ಇದೇ ಹೇಳ್ತಿದ್ರು ಅಪ್ಪ," ಎಂದಳು. "ಏನೂ ಗೊತ್ತಾಗ್ಲಿಲ್ಲ, ತಲೆ ಖಾಲಿ ಆಗಿತ್ತು ಅಂತ."

ಅವನು ಅವಳ ತಲೆಯ ಕಡೆಗೆ, ಆ ಹಸಿ ಜಾಗದ ಕಡೆಗೆ ಕೈಯೆತ್ತಿದ. ಅವಳು ಸರಕ್ಕನೆ ಹಿಂದೆ ಸರಿದಳು. ಸರಿದದ್ದು ಇಬ್ಬರಿಗೂ ತಿಳಿಯಿತು. ಅವನ ಕೈ ಗಾಳಿಯಲ್ಲೇ ಉಳಿಯಿತು.

ಚಿಕ್ಕಮ್ಮನ ಮನೆಗೆ ಹೋಗುವುದಾಗಿ ಬೆಳಿಗ್ಗೆ ಹೇಳಿದ್ದೆನಲ್ಲ, ಅಲ್ಲಿಗೆ ಹೋಗುತ್ತಿಲ್ಲ ಎಂದಳು. ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮನೆ ಮಾಲೀಕರು ಬಂದು ಒಯ್ಯುತ್ತಾರೆ ಎಂದಳು. ನೀರು ಕುಡಿ, ಸುಸ್ತಾಗಿದ್ದೀಯ ಎಂದಳು. ಆಮೇಲೆ ಲೋಟಗಳೆಲ್ಲ ಗಾಡಿಯಲ್ಲಿ ಹೋದವೆಂದು ನೆನಪಾಯಿತು. ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ನಾಲ್ಕು ಗಂಟೆ. ಅದು ನಿಲ್ಲುವವರೆಗೂ ಇಬ್ಬರೂ, ಯಾರಿಗೋ ಗೌರವ ಕೊಡುವವರಂತೆ, ನಿಂತಲ್ಲೇ ನಿಂತರು. ಬಳಿಕ ಅವಳು ಅವನ ಪಕ್ಕದಿಂದ, ಮೈ ಸೋಕದ ಹಾಗೆ, ಹಾದುಹೋದಳು. ಹೊಸಿಲಿನಾಚೆ ಅವಳ ಹೆಜ್ಜೆ ಒಂದು ಕ್ಷಣ ತಡೆಯಿತು. ಆಮೇಲೆ ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಚಿಲಕ ಟಕ್ ಎಂದಿತು.